ಗೇಟಿನ ತಪಾಸಣೆ

ಸೆಕ್ಯೂರಿಟಿಯವನು ಕೇಳುವ ಮೊದಲೇ ಕುಪ್ಪುಸ್ವಾಮಿ ಎರಡೂ ಕೈ ಮೇಲೆತ್ತಿ, ಬಾಯಿ ಅಗಲಿಸಿ ನಿಂತರು. ಮಗನ ಖಾಲಿ ಊಟದ ಕ್ಯಾರಿಯರ್ ಬಲಗೈಯಲ್ಲೇ ಇತ್ತು. ಚಿನ್ನದ ಗಣಿಯಲ್ಲಿ ಕೂಲಿಯಾಗಿದ್ದಾಗ, ಮೇಲೆ ಬಂದಾಗಲೆಲ್ಲ ತಪಾಸಣೆಗೆ ಹೀಗೇ ನಿಂತ ಮೈ ಅದು.

ಆಂಡರ್ಸನ್‌ಪೇಟೆಯ ಈ ಬೆಳ್ಳಿ ಗೆಜ್ಜೆ ಕಾರ್ಖಾನೆ ಅವರ ಮಗ ಸೆಲ್ವರಾಜನದು. ಮನೆಗೆ ಹೊರಟ ಕೆಲಸಗಾರರ ಮೈ ತಡವಿ ನೋಡಲು ಸಂಬಳದ ಆಳು ಬಂದದ್ದು ಇವತ್ತೇ. ಅದು ಪಾಲುದಾರ ಅಶ್ವಥ್‌ನ ಹಟ. ಬಂಗಾರಪೇಟೆಯ ಮಂಡಿಯಲ್ಲಿ ಬೆಳೆದ ಅವನ ಲೆಕ್ಕದಲ್ಲಿ, ಕಣ್ಣು ತಪ್ಪಿದರೆ ಮಾಲು ಮಾಯ.

ಸೆಲ್ವರಾಜನ ಜೊತೆ ಗೇಟಿನ ಬಳಿ ನಿಂತಿದ್ದ ಅಶ್ವಥ್ ನಕ್ಕ. "ಕೈ ಇಳ್ಸಿ ತಾತಾ. ಇದು ನಿಮ್ಗಲ್ಲ, ಕೂಲಿಯೋರ್ಗೆ."

ಕುಪ್ಪುಸ್ವಾಮಿ ಇಳಿಸಲಿಲ್ಲ. "ಮತ್ತೆ ನಾನ್ಯಾರಪ್ಪಾ?"

ಸಾಲಿನಲ್ಲಿದ್ದವರೆಲ್ಲ ಸೆಲ್ವರಾಜನ ಮುಖ ನೋಡಿದರು. ಅವನು ಬಂದು ಅಪ್ಪನ ಹಿಂದೆ ನಿಂತು, ತಾನೂ ಕೈ ಎತ್ತಿದ.