ಮೇಲಿನ ಚೀಸು

ರಾತ್ರಿ ಎಂಟು ಗಂಟೆ. ಗುರುನಾಥ ಪಾಸ್ತಾದ ಮೇಲಿನ ಚೀಸನ್ನಷ್ಟೇ ಎರಡನೇ ಸಲ ಬಳಿದುಕೊಳ್ಳುತ್ತಿದ್ದ. ಓವನ್ನಿನಿಂದ ಬಂದ ಗಾಜಿನ ಪಾತ್ರೆಯಲ್ಲಿ ರಾಜ್ಮಾ, ಮೆಕ್ಕೆಜೋಳ, ಖಾರದ ಟೊಮೆಟೊ ಸಾಸು ಬೆರೆತ ಪಾಸ್ತಾ ಚೀಸಿಲ್ಲದೆ ಬೋಳಾಗಿ ಕಾಣತೊಡಗಿತ್ತು. ಅದನ್ನು ಮಾಡಿದ ಹೆಂಡತಿ ಮನೀಷಾ, ಚೀಸು ತುರಿದುಕೊಟ್ಟ ತಾಯಿ ನೀಲಗಂಗಾ ಇನ್ನೂ ಉಂಡಿರಲಿಲ್ಲ. ಸೊಲ್ಲಾಪುರದ ಆ ಮನೆಯಲ್ಲಿ ಗಂಡಸರ ಪಂಕ್ತಿ ಮೊದಲು; ಗುರುನಾಥನ ಎದುರಿಗೆ ಅವನ ಅಪ್ಪ ಚನ್ನವೀರಪ್ಪ ಉಣ್ಣುತ್ತಿದ್ದರು.

"ಮ್ಯಾಲಿಂದಷ್ಟ ಯಾಕ ಬಳ್ಕೋತೀರಿ? ನಮಗೇನ ಉಳೀತದ?" ಮನೀಷಾ ಕೇಳಿದಳು.

"ಅರೆ, ತಳದಾಗ ಭರ್ಪೂರ ಅದ ನೋಡು," ಗುರುನಾಥ ನಕ್ಕ. "ಮಸ್ತ ಆಗೇದ."

"ಉಣ್ಣಲಿ ಬಿಡವಾ," ಎಂದರು ನೀಲಗಂಗಾ. "ಹೋಳಿಗಿ ಮಾಡಿದಾಗೂ ನನಗ ಹರದದ್ದ ಬರ್ತದ. ರೂಢಿ ಆಗೇದ."

ಮನೀಷಾ ಪಾತ್ರೆಯನ್ನು ಎಳೆದುಕೊಂಡಳು. ಚಮಚ ಗಂಡನ ಕೈಯಲ್ಲೇ ಉಳಿಯಿತು. "ನಾ ತಳಾ ಕೆರಕೊಂಡು ಉಣ್ಣಂಗಿಲ್ಲ" ಎಂದವಳೇ, ಚೀಸು ಉಳಿದಿದ್ದ ಮೂಲೆಯನ್ನು ತಳದವರೆಗೆ ಕತ್ತರಿಸಿ ತಟ್ಟೆಗೆ ಹಾಕಿ ಅತ್ತೆಯ ಮುಂದೆ ಹಿಡಿದಳು. "ಅತ್ತಿ, ಬಿಸಿ ಅದ. ಕುಂಡರ್ರಿ."

"ನಮ್ಮದಿನ್ನಾ ಮುಗದಿಲ್ಲ!" ಮಾವ ಚನ್ನವೀರಪ್ಪ ಗದರಿದರು.

ನೀಲಗಂಗಾ ಗಂಡನ ಪಕ್ಕದ ಕುರ್ಚಿ ಎಳೆದು ಕೂತು ಉಣ್ಣತೊಡಗಿದರು.