ಹಾಡುವ ಡಾಕ್ಟರು

ಗಾಜಿನ ತಟ್ಟೆಯಲ್ಲಿ ಗಂಡನ ಹಾಡು ಮೊಳೆತಿತ್ತು. ವಿನೋದಾ ಅದನ್ನು ಪ್ರಯೋಗಶಾಲೆಯ ಕಿಟಕಿಯ ಬೆಳಕಿಗೆ ಹಿಡಿದಳು. ಸಾಸಿವೆ ಕಾಳಿನಂಥ ಚಿನ್ನದ ಬಣ್ಣದ ಚುಕ್ಕೆಗಳು, ಒಂದರ ಪಕ್ಕ ಒಂದು. ಹೊರಗೆ ಬನಾರಸಿನ ಮಂಜು ಇನ್ನೂ ಕರಗಿರಲಿಲ್ಲ. ಆ ಮಸುಕಿನಲ್ಲಿ ಚುಕ್ಕೆಗಳು ತಾವೇ ಬೆಳಗುತ್ತಿದ್ದಂತೆ ಕಂಡವು. ಏನೆಂದು ತಿಳಿಯದವರು ಚೆಂದ ಚೆಂದ ಎಂದು ಹಣೆಗಿಟ್ಟುಕೊಂಡಾರು. ತಿಳಿದಿದ್ದ ವಿನೋದಾ ತಟ್ಟೆಯ ಮುಚ್ಚಳವನ್ನು ಒತ್ತಿ ಮುಚ್ಚಿದಳು. ಗಾಯಕ್ಕೆ ಕೀವು ತರುವ ರೋಗಾಣು ಅದು.

ಆಪರೇಷನ್ ಥಿಯೇಟರಿನಲ್ಲಿ ಮೂಳೆ ಕೂಡಿಸಿಕೊಂಡವರ ಗಾಯಗಳು ಒಂದರ ಹಿಂದೊಂದು ಕೀವಾಗತೊಡಗಿದಾಗ ಆಸ್ಪತ್ರೆಯವರೆಲ್ಲ ಗಾಳಿಯ ಮೇಲೆ ಗೂಬೆ ಕೂರಿಸಿದ್ದರು. ಹಳೆಯ ಏಸಿ ಎಂದರು, ಸಂದು ಬಿಟ್ಟ ಕಿಟಕಿ ಎಂದರು, ಹೆಣ ಸುಡುವ ಘಾಟಿನಿಂದ ಹಾರಿಬರುವ ಬೂದಿ ಎಂದರು. ಆಗ ವಿನೋದಾ ಥಿಯೇಟರಿನ ಮೂಲೆಮೂಲೆಗೂ ಇಂಥ ತಟ್ಟೆಗಳನ್ನು ಮುಚ್ಚಳ ತೆಗೆದು ಇಟ್ಟಳು. ಗಾಳಿಯಿಂದ ಬಿದ್ದದ್ದು ಅದರಲ್ಲಿ ಬೆಳೆದು ಕಣ್ಣಿಗೆ ಕಾಣುತ್ತದೆ. ಏಸಿಯ ಕೆಳಗಿನದರಲ್ಲೂ ಕಿಟಕಿಯ ಹತ್ತಿರದ್ದರಲ್ಲೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಚಿನ್ನ ಸುರಿದದ್ದು ಮೇಜಿನ ಪಕ್ಕದ ತಟ್ಟೆಗೆ, ಅದೂ ಗಂಡ ಗೋಪಿನಾಥ ಕೊಯ್ದ ದಿನಗಳಲ್ಲಿ ಮಾತ್ರ. ಅವನ ಮೂಗಿನಲ್ಲಿ ಹತ್ತಿ ಆಡಿಸಿ ಪರೀಕ್ಷಿಸಿದರೆ ಅಲ್ಲೂ ಅದೇ ಸಿಕ್ಕಿತು.

ಗೋಪಿನಾಥ ಕೊಯ್ಯುವಾಗ ಹಾಡುತ್ತಿದ್ದ. ಆಸ್ಪತ್ರೆಗೆಲ್ಲ ಅವನು 'ಗಾನೇವಾಲೇ ಡಾಕ್ಟರ್ ಸಾಹಬ್'. ಸೊಂಟದ ಕೆಳಗೆ ಮರಗಟ್ಟಿಸಿ ಮಲಗಿಸಿದ ರೋಗಿಗಳು ಎಚ್ಚರವಾಗಿಯೇ ಇರುತ್ತಾರಲ್ಲ, ಅವನ ಹಾಡು ಕೇಳುತ್ತ ಸುತ್ತಿಗೆಯ ಸದ್ದು ಮರೆಯುತ್ತಿದ್ದರು. ದನಿಗೆ ಅಡ್ಡ ಬರುತ್ತದೆಂದು ಮಾಸ್ಕಿನ ದಾರ ಸಡಿಲ ಬಿಟ್ಟು, ಧಾರವಾಡದಲ್ಲಿ ತಾಯಿ ತೊಟ್ಟಿಲು ತೂಗುತ್ತ ಹೇಳುತ್ತಿದ್ದ ಜೋಗುಳವನ್ನು ಎಳೆದೆಳೆದು ಹಾಡುವನು. ವಿನೋದಾ ಅವನನ್ನು ಒಪ್ಪಿದ್ದೇ ಆ ದನಿಗೆ ಮರುಳಾಗಿ. ಈಗ ಅದರ ಕುತ್ತಿಗೆ ಹಿಸುಕುವ ಕೆಲಸ ಅವಳ ಪಾಲಿಗೇ ಬಂದಿತ್ತು.

ಅಷ್ಟರಲ್ಲಿ ಗೋಪಿನಾಥ ಎರಡು ಮಣ್ಣಿನ ಕುಡಿಕೆಯಲ್ಲಿ ಚಹಾ ಹಿಡಿದು ಬಂದ. ವಿನೋದಾ ತಟ್ಟೆ ತೋರಿಸಿ ಎಲ್ಲವನ್ನೂ ಹೇಳಿದಳು. ಅವನು ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ.

"ಹಂಗಾದ್ರ ನಾಳೆ ನೀಲಗಂಗಮ್ಮನ ಆಪರೇಷನ್ ಬ್ಯಾರೆಯವರು ಮಾಡ್ಲೇನು?"

"ಕೈ ನಿಮ್ಮದ ಬೇಕು. ದನಿ ಬ್ಯಾಡ. ಮೂಗಿಗೆ ಮುಲಾಮು ಹಚ್ಕೊಳ್ರಿ, ಎರಡು ಮಾಸ್ಕು ಬಿಗಿಯಾಗಿ ಕಟ್ರಿ. ಒಂದು ಮಾತೂ ಆಡಬ್ಯಾಡ್ರಿ."

"ಹಾಡ್ತೀನಿ ಅಂದದ್ದಕ್ಕನ ಒಪ್ಯಾಳ ಆಕಿ. ನಾ ಮಾತು ಕೊಟ್ಟೀನಿ ವಿನೋದಾ. ಈಗ ಹಾಡೂದಿಲ್ಲ ಅಂದ್ರ, ಒಲ್ಲೆ ಅಂತ ಮುಸುಕು ಹಾಕ್ಕೊಂಡು ಮಲಗ್ತಾಳ."

"ಮೂಳಿಗೆ ಕೀವು ಹತ್ತಿದ್ರ ಕಾಲು ಉಳಿಯೂದಿಲ್ರಿ."

ಅವನು ಕುಡಿಕೆ ಕೆಳಗಿಟ್ಟ. ಚಹಾ ಕುಡಿಯಲೇ ಇಲ್ಲ.

ನೀಲಗಂಗಮ್ಮ ಜಂಗಮವಾಡಿ ಮಠದಲ್ಲಿ ರೊಟ್ಟಿ ಬಡಿಯುವವಳು. ಕೇದಾರ ಘಾಟಿನ ಪಾಚಿಗೆ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಳು. ಕಾಶಿಗೆ ಬಂದು ತಲೆ ಹಣ್ಣಾದರೂ ಹಿಂದಿ ತರಕಾರಿ ಚೌಕಾಸಿಯಿಂದಾಚೆ ಹೋಗಿರಲಿಲ್ಲ. ಕತ್ತಿ ಮುಟ್ಟಿಸಿದರೆ ಗಂಗೆಗೆ ಹಾರುತ್ತೇನೆಂದು ಹಟ ಹಿಡಿದವಳು, ಡಾಕ್ಟರು ನಮ್ಮ ಕಡೆಯವರಂತೆ, ಜೋಗುಳ ಹಾಡುತ್ತಾರಂತೆ ಎಂದು ಕೇಳಿದ ಮೇಲೆ ಮೆತ್ತಗಾಗಿದ್ದಳು.

ಮರುದಿನ ವಿನೋದಾ ತಟ್ಟೆ ಇಡುವ ನೆಪದಲ್ಲಿ ಥಿಯೇಟರಿನ ಗೋಡೆಗೊರಗಿ ನಿಂತಳು. ಹಸಿರು ಬಟ್ಟೆ, ಹಸಿರು ಮಬ್ಬು. ಎಲ್ಲರೂ ಕಣ್ಣಷ್ಟೇ ಆಗಿದ್ದರು. ನೀಲಗಂಗಮ್ಮನ ಮುಖದ ಮುಂದೆ ಪರದೆ ಕಟ್ಟಿದ್ದರು. ಅದರ ಹಿಂದಿನಿಂದ ನಿದ್ದೆಯಲ್ಲಿ ತೇಲುವಂಥ ದನಿ ಬಂತು.

"ಡಾಕ್ಟರಪ್ಪ, ಬಂದೀರೇನು? ಹಾಡ್ರಿ ಮತ್ತ."

ಗೋಪಿನಾಥನ ಕೈ ಒಂದು ಗಳಿಗೆ ನಿಂತಿತು. ಅವನು ತಲೆಯೆತ್ತಿ ಹೆಂಡತಿಯತ್ತ ನೋಡಿದ. ವಿನೋದಾ ಬೇಡವೆಂದು ತಲೆಯಾಡಿಸಿದಳು. ಅಷ್ಟು ಕಠಿಣವಾದ ಕೆಲಸವನ್ನು ಅವಳು ಹಿಂದೆಂದೂ ಮಾಡಿರಲಿಲ್ಲ.

"ಸೋ ಜಾಯಿಯೇ ಮಾತಾಜಿ," ಎಂದು ನರ್ಸು ಹಿಂದಿಯಲ್ಲೇ ಮಲಗಿಸಲು ನೋಡಿದಳು.

ಆಮೇಲೆ ಏಸಿಯ ಗುಂಯ್‌ಗುಡುವ ಸದ್ದು, ಸುತ್ತಿಗೆಯ ಸದ್ದು, ಅಷ್ಟೇ. ನೋಡುತ್ತ ನೋಡುತ್ತ ವಿನೋದಾಳಿಗೆ ಗಂಡನ ಹೆಬ್ಬೆರಳು ಚಪ್ಪಲಿಯೊಳಗೆ ತಾಳ ಹಾಕುತ್ತಿರುವುದು ಕಾಣಿಸಿತು. ಕೈ ಆ ತಾಳಕ್ಕೇ ಏಳುತ್ತಿತ್ತು, ಇಳಿಯುತ್ತಿತ್ತು. ಈಗ ತೊಟ್ಟಿಲು ತೂಗಿತು, ಈಗ ಚಂದಿರ ಬಂದ, ಈಗ ಕೂಸು ಕಣ್ಣು ಮುಚ್ಚಿತು. ಯಾವ ಸಾಲಿನಲ್ಲಿದ್ದಾನೆಂದು ಅವಳಿಗೆ ಗೊತ್ತಾಗುತ್ತಿತ್ತು. ಹಾಡು ಇಡೀ ಕೋಣೆಯನ್ನು ತುಂಬಿತ್ತು. ಗಾಳಿಗೆ ಮಾತ್ರ ಅದರ ಸುಳಿವಿರಲಿಲ್ಲ. ಪರದೆಯ ಹಿಂದಿನ ಮುದುಕಿಗೂ ಇರಲಿಲ್ಲ. ಅವಳ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ವಿನೋದಾಳ ಮಾಸ್ಕೂ ಒದ್ದೆಯಾಯಿತು.

ಆ ದಿನ ಇಟ್ಟ ತಟ್ಟೆಯಲ್ಲಿ ಚಿನ್ನ ಕಾಣಿಸಲಿಲ್ಲ. ಹೊಲಿಗೆ ಬಿಚ್ಚುವ ದಿನ ಗೋಪಿನಾಥನೇ ಪಟ್ಟಿ ಬಿಡಿಸಿದ. ಗಾಯ ಒಣಗಿ, ರವಿಕೆಯ ಹೊಲಿಗೆಯಷ್ಟು ನೇರವಾಗಿ ಕೂಡಿತ್ತು. ವಿನೋದಾ ಮಂಚದ ಕಾಲ್ದೆಸೆಯಲ್ಲಿ ನಿಂತು ಉಸಿರು ಬಿಟ್ಟಳು.

ನೀಲಗಂಗಮ್ಮ ಗಾಯದ ಕಡೆ ನೋಡಲೂ ಇಲ್ಲ. "ನಿಮ್ಮ ಮ್ಯಾಲ ನನಗ ಸಿಟ್ಟದ ಡಾಕ್ಟರಪ್ಪ," ಎಂದಳು. "ಬರ್ತೀನಿ ಅಂದು ಬರಲೇ ಇಲ್ಲ ನೀವು. ಯಾರೋ ಬಾಯಿ ಬಾರದವನನ್ನ ಕಳಿಸಿಬಿಟ್ರಿ."

ಗೋಪಿನಾಥ ಹೆಂಡತಿಯತ್ತ ನೋಡಿ, ಬಿಚ್ಚಿದ ಪಟ್ಟಿಯನ್ನು ಸುತ್ತತೊಡಗಿದ.

ಮುದುಕಿಯ ಮುಖ ನಿಧಾನವಾಗಿ ಸಡಿಲಾಯಿತು. "ಆದ್ರೂ ಅವನ ಕೈ ಭಾಳ ಚಲೋ ಇತ್ರಿ. ತೊಟ್ಟಿಲು ತೂಗಿದಂಗಾತು. ಪಾಪ, ಅವಂಗ ನನ್ನ ಶರಣು ಹೇಳ್ರಿ."

"ಹೇಳ್ತೀನವ್ವಾ," ಎಂದರು ಹಾಡುವ ಡಾಕ್ಟರು.