ಕಟಕಟೆ ಮನೆ

ಮಗಳ ನಿಶ್ಚಯದ ತಾಂಬೂಲ ಬದಲಾಯಿಸಿಕೊಂಡ ಮೇಲೆ ಮೌನೇಶಪ್ಪನಿಗೆ ಗೊತ್ತಾಯಿತು: ಬೀಗರ ಊರಿನಲ್ಲಿ ಮಾತೆತ್ತಿದರೆ ಕೋರ್ಟಿಗೆ ಹೋಗುವವರನ್ನು 'ಕಟಕಟೆ' ಎನ್ನುತ್ತಾರೆ, ಬೀಗರ ಮನೆಗೆ ಊರಿಟ್ಟ ಹೆಸರೂ ಅದೇ. ಸಂಬಂಧ ಮುರಿಯಲೆಂದೇ ಅವರ ಮನೆಗೆ ಬಂದವನು, ಚಹಾ ಕುಡಿದು ಮುಗಿಸಿ ಕಪ್ಪು ಕೆಳಗಿಟ್ಟ. ಕೊನೆಗೆ ಕೇಳಿದ.

"ಬೀಗರ, ನಿಮ್ಮ ಮನಿಗೆ ಕಟಕಟೆ ಅಂತ ಯಾಕ ಹೆಸರು ಬಂತ್ರಿ?"

ಬೀಗರು ಜೋರಾಗಿ ನಕ್ಕರು. "ನಮ್ಮಜ್ಜ ಬಡಿಗ್ಯಾ ಅಲ್ರೀ? ಕೋರ್ಟಿನ ಕಟಕಟೆ ಮಾಡಿದವ ಅವನ. ಸಾಗವಾನಿ ಕಟಗಿ, ಇವತ್ತಿಗೂ ಅಳ್ಳಾಡಂಗಿಲ್ಲ."

ಹೋದ ಜೀವ ಬಂದಂತಾಗಿ ಮೌನೇಶಪ್ಪನೂ ನಕ್ಕ. "ಮಂದಿ ಮಾತು ಕೇಳಿ, ಈ ಸಂಬಂಧ ಬ್ಯಾಡ ಅನ್ನಾಕ ಬಂದಿದ್ನಿ ನೋಡ್ರಿ!"

ಬೀಗರ ನಗು ನಿಂತಿತು. "ನಿಮಗಿಂತ ಮದಲ ಒಬ್ರು ತಾಂಬೂಲ ತಗೊಂಡು ಹಂಗ ಅಂದ್ರು."

"ಆಮ್ಯಾಲೆ?"

ಬೀಗರು ಅವನ ಕಪ್ಪಿಗೆ ಇನ್ನಷ್ಟು ಚಹಾ ಸುರಿದರು.

"ಎರಡು ವರ್ಷ ಆತು, ತಾರೀಖು ಬಂದಾಗೆಲ್ಲ ನಮ್ಮಜ್ಜ ಮಾಡಿದ ಕಟಕಟ್ಯಾಗ ನಿಲ್ಲಾಕತ್ತಾರ."